ಪುಟ್ಟಿಯನ್ನು ಎರಡು ವರ್ಷ ಊರಲ್ಲಿ ಬಿಡೋದಾ? (ಸಲಹೆ ಬೇಕು)

ಪುಟ್ಟಿ ಅಮ್ಮ, ಸ್ಟುಟ್‌ಗಾರ್ಟ್:
ಎಲ್ಲರಿಗೂ ನಮಸ್ಕಾರ. ಗುಂಪಿಗೆ ಹೊಸಬಳು. ಮಗಳಿಗೆ ಮಾರ್ಚ್‌ನಲ್ಲಿ ಆರು ತುಂಬಿತು. ಎರಡು ವರ್ಷದವಳಿಂದ ಕಿಟಾಗೆ (ಇಲ್ಲಿನ ಶಿಶುವಿಹಾರ) ಹೋಗುತ್ತಿದ್ದಾಳೆ. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಜರ್ಮನ್‌ನಲ್ಲಿ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಧಾರವಾಡದ ಅಜ್ಜಿ "ಊಟ ಆತೇನ ಪುಟ್ಟಿ?" ಅಂದರು. ಇವಳು "ಯಾ" ಅಂದು ಓಡಿಹೋದಳು. ಅಜ್ಜಿ ಫೋನನ್ನು ಹಾಗೇ ಹಿಡಿದುಕೊಂಡು ಕೂತಿದ್ದರು. ನನಗೆ ಅವರ ಗಲ್ಲ ಮತ್ತು ಫ್ಯಾನು ಮಾತ್ರ ಕಾಣುತ್ತಿತ್ತು. "ಎರಡು ವರ್ಷ ಇಲ್ಲೇ ಬಿಡು, ಅರಳು ಹುರಿದಂಗ ಮಾತಾಡ್ತಾಳ" ಅನ್ನುತ್ತಿದ್ದಾರೆ. ಸೆಪ್ಟೆಂಬರ್‌ಗೆ ಇಲ್ಲಿ ಶಾಲೆ ಶುರು. ಯಾರಾದರೂ ಹೀಗೆ ಮಕ್ಕಳನ್ನ ಕಳಿಸಿದ್ದೀರಾ? ಕಾಗದಪತ್ರದ ತೊಂದರೆ ಏನಾದರೂ ಇದೆಯಾ?

ನೇರನುಡಿ, ಫ್ರಾಂಕ್‌ಫರ್ಟ್:
ತಪ್ಪು ಮಗುವಿನದಲ್ಲ, ನಿಮ್ಮದು. ನಮ್ಮ ಮನೆಯಲ್ಲಿ ಚಪ್ಪಲಿ ಮತ್ತು ಜರ್ಮನ್ ಎರಡನ್ನೂ ಬಾಗಿಲ ಹೊರಗೇ ಬಿಡಬೇಕು. ಕನ್ನಡದಲ್ಲಿ ಕೇಳಿದರೆ ಮಾತ್ರ ಐಸ್‌ಕ್ರೀಮ್. ಹದಿನೈದು ವರ್ಷದಿಂದ ಈ ಗುಂಪಿನಲ್ಲಿ ಇದನ್ನೇ ಹೇಳುತ್ತಿದ್ದೇನೆ. ಯಾರೂ ಕೇಳಲ್ಲ.

ಗಿರ್ಮಿಟ್, ಹ್ಯಾಂಬರ್ಗ್:
ಧಾರವಾಡಕ್ಕೆ ಹೋಗುವುದೇ ಆದರೆ ಬರುವಾಗ ಒಂದು ಕೆಜಿ ಪೇಡ ತರುತ್ತೀರಾ? ದುಡ್ಡು ಈಗಲೇ ಕಳಿಸುತ್ತೇನೆ.

ಫೈಲುಗಾರ, ಉಲ್ಮ್:
ಕಳಿಸೋ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಮಗಳದು ಭಾರತದ ಪಾಸ್‌ಪೋರ್ಟ್ ತಾನೇ? ಆರು ತಿಂಗಳಿಗಿಂತ ಜಾಸ್ತಿ ಜರ್ಮನಿಯಿಂದ ಹೊರಗಿದ್ದರೆ ವಾಸದ ಪರ್ಮಿಟ್ ಸಾಮಾನ್ಯವಾಗಿ ತಾನಾಗೇ ಬಿದ್ದುಹೋಗುತ್ತದೆ. ನಿಮ್ಮದು ಬ್ಲೂ ಕಾರ್ಡ್ (ಹೆಚ್ಚು ಓದಿದ ಕೆಲಸಗಾರರಿಗೆ ಕೊಡುವ ಪರ್ಮಿಟ್) ಆದರೆ ಮನೆಯವರಿಗೂ ಸೇರಿ ಹನ್ನೆರಡು ತಿಂಗಳು. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಹೊರಡುವ ಮುಂಚೆಯೇ ವಿದೇಶಿಯರ ಕಚೇರಿಗೆ ಹೋಗಿ ಬರೆಸಿಕೊಳ್ಳಬೇಕು. ಇನ್ನೊಂದು ಶಾಲೆ. ನಿಮ್ಮ ರಾಜ್ಯದಲ್ಲಿ ಜೂನ್ 30ರೊಳಗೆ ಆರು ತುಂಬಿದವರಿಗೆ ಆ ವರ್ಷವೇ ಶಾಲೆ ಕಡ್ಡಾಯ. ಸುಮ್ನೆ ಕಳಿಸಿಬಿಟ್ಟರೆ ಮನೆಗೆ ಪತ್ರ ಬರುತ್ತದೆ.

ನೆಕರ್ ದಂಡೆ, ಟ್ಯೂಬಿಂಗೆನ್:
ನಿಘಂಟಿನ ಕಿಟೆಲ್ ತೀರಿಕೊಂಡದ್ದು ನಾನಿರುವ ಈ ಊರಲ್ಲೇ, 1903ರಲ್ಲಿ. ನಾನು ಬೆಳೆದದ್ದು ಮಂಗಳೂರಿನ ಬಲ್ಮಠ ಗುಡ್ಡದ ಕೆಳಗೆ, ಬಾಸೆಲ್ ಮಿಷನ್ ಪ್ರೆಸ್ಸಿನ ಹತ್ತಿರ. ಆ ಮಿಷನ್ನಿನ ಜರ್ಮನ್ ಪಾದ್ರಿಗಳು ನಮ್ಮೂರಿಗೆ ಬಂದು ಸಂಸಾರ ಹೂಡಿದರು, ನಾವು ಅವರೂರಿಗೆ ಬಂದು ಹೂಡಿದ್ದೇವೆ. ಅವರಿಗೂ ಇಂಥದ್ದೊಂದು ಗುಂಪು ಇದ್ದಿದ್ದರೆ ಹೇಗಿರುತ್ತಿತ್ತು ಅಂತ ರಾತ್ರಿ ನಿದ್ದೆ ಬರದೆ ಯೋಚಿಸಿದೆ. ಓದಿ.

ಗುಂಪು: ಬಲ್ಮಠ ಜರ್ಮನ್ ಬಳಗ. ಇಸವಿ 1868.

ಹೊಸ ತಾಯಿ: ಮಗನಿಗೆ ಐದು ವರ್ಷ. ಆಯಾ ಜೊತೆ ಕನ್ನಡ, ತೋಟದವನ ಜೊತೆ ತುಳು, ನಮ್ಮ ಜೊತೆ ಮೌನ. ಸೂಪು ಕೊಟ್ಟರೆ ಬೇಡ ಅನ್ನೋಕೂ "ನೈನ್" ಅನ್ನಲ್ಲ, ತುಳುವಲ್ಲಿ "ಬೊಡ್ಚಿ" ಅನ್ನುತ್ತಾನೆ. ಏನು ಮಾಡಲಿ?

ಹಿರಿಯ ಪಾದ್ರಿ: ನಿಯಮ ಗೊತ್ತಲ್ಲ, ಬಾಸೆಲ್‌ಗೆ ಕಳಿಸಿ. ನಾವೆಲ್ಲ ಕಳಿಸಲಿಲ್ವಾ?

ಇನ್ನೂ ಹಿರಿಯರು: ಈಗಿನವರಿಗೆ ಏನು ಕಷ್ಟ? ನಾವು ಆಫ್ರಿಕಾ ಸುತ್ತಿಕೊಂಡು ಬಂದವರು. ಇವರಿಗೆ ಈಜಿಪ್ಟ್ ದಾಟೋಕೆ ರೈಲು. ಕಾಲುವೆ ಬೇರೆ ತೋಡುತ್ತಿದ್ದಾರಂತೆ. ಆದರೂ ಸುಸ್ತು.

ಅಡುಗೆ ಪ್ರವೀಣೆ: ದಿನಾ ಸೌರ್‌ಕ್ರೌಟ್ ತಿನ್ನಿಸಿ, ಭಾಷೆ ತಾನಾಗಿ ಬರುತ್ತದೆ. ಮಾವಿನ ಮಿಡಿ ಹಾಕುವ ಭರಣಿಯಲ್ಲೇ ಎಲೆಕೋಸು ಹಾಕಬಹುದು.

ನೇಯ್ಗೆ ಕಾರ್ಖಾನೆಯವರು: ಖಾಕಿ ಬಟ್ಟೆ ಬಂದಿದೆ, ಮಕ್ಕಳ ಚಡ್ಡಿಗೆ ಬಹಳ ಬಾಳಿಕೆ. ಬೇಕಾದವರು ಆಳಿನ ಕೈಲಿ ಚೀಟಿ ಕಳಿಸಿ.

ಹೆಂಚಿನ ಕಾರ್ಖಾನೆಯವರು: ನಮ್ಮದು ಶುರುವಾಗಿ ಮೂರು ವರ್ಷ, ಒಬ್ಬರಾದರೂ ಒಂದು ಲೈಕ್ ಹಾಕಿದ್ದೀರಾ?

ವುರ್ಟೆಂಬರ್ಗ್ ವೀರ: ಮೊದಲು ಯಾವ ಜರ್ಮನ್ ಅಂತ ಹೇಳಿ. ನಮ್ಮದು ಸ್ವಾಬಿಯನ್. ಎರಡು ವರ್ಷದ ಹಿಂದೆ, 1866ರಲ್ಲಿ, ಪ್ರಶ್ಯದವರು ನಮ್ಮ ಮೇಲೆ ಯುದ್ಧಕ್ಕೇ ಬಂದಿದ್ದರು. ಅವರ ಜರ್ಮನ್ ಕಲಿಸುವುದಕ್ಕಿಂತ ಹುಡುಗ ತುಳುವಲ್ಲೇ ಇರಲಿ.

(ಇದಕ್ಕೆ 214 ಉತ್ತರ.)

ಅಡ್ಮಿನ್: ಮಳೆಗಾಲ ಶುರುವಾಯಿತು, ಬಂದರು ಬಂದ್. ಮುಂದಿನ ಉತ್ತರಗಳು ದೀಪಾವಳಿ ಹೊತ್ತಿಗೆ.

ಗಿರ್ಮಿಟ್, ಹ್ಯಾಂಬರ್ಗ್:
ಬೊಡ್ಚಿ! ಟ್ರಾಮ್‌ನಲ್ಲಿ ಒಬ್ಬನೇ ನಕ್ಕೆ. ಪಕ್ಕದ ಅಜ್ಜಿ ಬೇರೆ ಸೀಟಿಗೆ ಹೋದಳು.

ಕಾಫಿಪುಡಿ, ಬರ್ಲಿನ್:
ಹ್ಯಾಂಬರ್ಗ್‌ನಲ್ಲಿ ಟ್ರಾಮ್ ಎಲ್ಲಿದೆ ಸ್ವಾಮಿ? ನಿಂತು ನಲವತ್ತು ವರ್ಷದ ಮೇಲಾಯ್ತು. ಅದಿರಲಿ, ನಗು ಸರಿ. ಅವರು ಬಂದದ್ದು ಮತಾಂತರಕ್ಕೆ ಅನ್ನೋದನ್ನ ಯಾಕೆ ಬಿಟ್ಟಿರಿ?

ನೆಕರ್ ದಂಡೆ, ಟ್ಯೂಬಿಂಗೆನ್:
ಬಿಟ್ಟಿಲ್ಲ, ಅದಕ್ಕೇ ಬಂದದ್ದು. ಬಂದವರ ಮನೆಯಲ್ಲಿ ಮಕ್ಕಳೂ ಇದ್ದರು ಅಂತ ಹೇಳುತ್ತಿದ್ದೇನೆ ಅಷ್ಟೆ.

ಗಿರ್ಮಿಟ್, ಹ್ಯಾಂಬರ್ಗ್:
ಬಸ್ಸು. ಬಸ್ಸಲ್ಲಿ ನಕ್ಕೆ. ಆಯ್ತಾ?

ನೇರನುಡಿ, ಫ್ರಾಂಕ್‌ಫರ್ಟ್:
ಸ್ವಾಬಿಯನ್ ವಿಷಯ ಸರಿಯಾಗಿ ಹೇಳಿದಿರಿ. ಮೊದಲು ಯಾವ ಕನ್ನಡ ಅಂತ ತೀರ್ಮಾನ ಆಗಬೇಕು. ಧಾರವಾಡದಲ್ಲಿ ಬಿಟ್ಟರೆ ಮಗು ಹೌದ್ರಿ, ಬರ್ರಿ ಅಂತ ಕಲಿಯುತ್ತದೆ. ಪುಸ್ತಕ ಓದಬೇಕಾದರೆ ಮೈಸೂರು ಕಡೆಯ ಕನ್ನಡವೇ ಆಗಬೇಕು. ಬೇಜಾರಾದರೂ ಇದು ಸತ್ಯ.

ಗಿರ್ಮಿಟ್, ಹ್ಯಾಂಬರ್ಗ್:
ಪೇಡ ಕೇಳಿ ಸುಮ್ಮನಿದ್ದೆ, ಈಗ ಆಗಲ್ಲ. ನಮ್ಮ ಕಡೆ ಶಾಲೆಯಲ್ಲಿ ಮರಾಠಿ ಮೆರೆದ ಕಾಲ ಗೊತ್ತಾ ನಿಮಗೆ? ಆ ನೆಲದಲ್ಲಿ ಕನ್ನಡಕ್ಕಾಗಿ ವಿದ್ಯಾವರ್ಧಕ ಸಂಘ ಕಟ್ಟಿದ್ದು 1890ರಲ್ಲಿ, ಧಾರವಾಡದಲ್ಲಿ. ಬೆಂಗಳೂರಲ್ಲಿ ಪರಿಷತ್ತು ಹುಟ್ಟಿದ್ದು 1915ರಲ್ಲಿ. ಇಪ್ಪತ್ತೈದು ವರ್ಷ ಸೀನಿಯರ್ ರೀ ನಾವು. ಮತ್ತೆ "ರೀ" ಅಂದರೆ ಮರ್ಯಾದೆ. ನಿಮ್ಮ ಮನೆಯಲ್ಲಿ ಚಪ್ಪಲಿ ಜೊತೆ ಅದನ್ನೂ ಹೊರಗೇ ಬಿಡುತ್ತೀರೇನೋ.

ನೇರನುಡಿ, ಫ್ರಾಂಕ್‌ಫರ್ಟ್:
ವೈಯಕ್ತಿಕ ಮಾತು ಬೇಡ. ಅಡ್ಮಿನ್ ಗಮನಿಸಿ.

ಕಾಫಿಪುಡಿ, ಬರ್ಲಿನ್:
1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯಿತು. ಈ ಗುಂಪಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಸುಸ್ತಾದ ಅಪ್ಪ, ನ್ಯೂರೆಂಬರ್ಗ್:
ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ, ಸುಮಾರು ಎಪ್ಪತ್ತು ಸಾವಿರ ಪದ. ನನ್ನ ಮಗನದು ಸುಮಾರು ಎಪ್ಪತ್ತು. ಅದರಲ್ಲಿ ನಲವತ್ತು ತಿಂಡಿ. ಇಲ್ಲಿ ಹುಟ್ಟಿದವನು ಅಲ್ಲಿಗೆ ಹೋಗಿ ಅಷ್ಟು ಕಲಿತ, ಅಲ್ಲಿಯವರಾದ ನಮ್ಮ ಮಕ್ಕಳು ಇಲ್ಲಿ "ಚಟ್ನಿ" ಅನ್ನೋಕೆ ನಾಲಿಗೆ ಹೊರಳಿಸುತ್ತಾರೆ. ಇದು ಪುಟ್ಟಿ ಅಮ್ಮನಿಗೆ ಉತ್ತರ ಅಲ್ಲ ಅಂತ ಗೊತ್ತು.

ಹಳೇಬೇರು, ಮ್ಯೂನಿಕ್:
ನಾನು ಕಳಿಸಿದ್ದೆ. 1996ರಲ್ಲಿ, ಮಗನಿಗೆ ಐದು ವರ್ಷ, ದಾವಣಗೆರೆಗೆ. ಇಬ್ಬರಿಗೂ ಶಿಫ್ಟ್ ಕೆಲಸ, ಬೇರೆ ದಾರಿ ಇರಲಿಲ್ಲ. ಫೋನು ದುಬಾರಿ, ಭಾನುವಾರ ಹತ್ತು ನಿಮಿಷ. ಮೊದಮೊದಲು ಅವನು ಅಳುತ್ತಿದ್ದ. ಆಮೇಲೆ ಬೀದಿಯಲ್ಲಿ ಗೋಲಿ ಬಿಟ್ಟು ಫೋನಿಗೆ ಬರುತ್ತಲೇ ಇರಲಿಲ್ಲ. ಕನ್ನಡ ಚೆನ್ನಾಗಿ ಬಂತು, ಸುಳ್ಳು ಹೇಳಲ್ಲ. ಎರಡು ವರ್ಷದ ಮೇಲೆ ಕರೆದುಕೊಂಡು ಬಂದೆ. ಮೊದಲ ರಾತ್ರಿ ಬಾತ್‌ರೂಮ್ ಬಾಗಿಲ ಹತ್ತಿರ ನಿಂತು, "ಆಂಟಿ, ಲೈಟ್ ಎಲ್ಲಿದೆ?" ಅಂತ ಕೇಳಿದ. ಅಚ್ಚ ಕನ್ನಡದಲ್ಲಿ. ನಾನು ಸ್ವಿಚ್ ಹಾಕಿ ಅಡುಗೆಮನೆಗೆ ಹೋದೆ. ಈಗ ಅವನಿಗೆ ಅದು ನೆನಪೂ ಇಲ್ಲ.

ನೆಕರ್ ದಂಡೆ, ಟ್ಯೂಬಿಂಗೆನ್:
ಅಕ್ಕಾ, ನಾನು ತಮಾಷೆಗೆ ಬರೆದೆ. ಆದರೆ ಬಾಸೆಲ್‌ಗೆ ಕಳಿಸುವ ನಿಯಮ ನಿಜವಾಗಿ ಇತ್ತು, 1853ರಿಂದ. ಶಾಲೆಯ ವಯಸ್ಸು ಬಂದರೆ ಮಕ್ಕಳನ್ನ ಅಲ್ಲಿನ ಮಿಷನ್ ಮಕ್ಕಳ ವಸತಿನಿಲಯಕ್ಕೆ ಕಳಿಸುತ್ತಿದ್ದರು. ಆಮೇಲೆ ವರ್ಷಗಟ್ಟಲೆ ಬರೀ ಕಾಗದ. ಅದಕ್ಕೂ ಮುಂಚಿನ ಒಂದು ಮಗುವಿನ ಕಥೆ ಗೊತ್ತು. ಮಲಯಾಳ ನಿಘಂಟು ಬರೆದ ಗುಂಡರ್ಟ್ ಅವರ ಮಗಳು ಮಾರಿ. 1842ರಲ್ಲಿ ತಲಶೇರಿಯಲ್ಲಿ ಹುಟ್ಟಿದವಳು. ಪುಟ್ಟ ಮಗುವಿದ್ದಾಗಲೇ ಯುರೋಪಿನಲ್ಲಿ ಬಿಟ್ಟು ಅಪ್ಪ ಅಮ್ಮ ವಾಪಸ್ ಬಂದರು. ಅವಳು ಮತ್ತೆ ಅವರ ಹತ್ತಿರ ಬಂದಾಗ ಹದಿನೈದರ ಹುಡುಗಿ. ನೊಬೆಲ್ ಬಂದ ಹರ್ಮನ್ ಹೆಸ್ಸೆಯ ತಾಯಿ ಅವಳೇ. ಹಡಗು ಇಳಿದಾಗ ಅಮ್ಮನನ್ನ ಏನಂತ ಕರೆದಿರಬಹುದು ಅಂತ ಈಗ ಯೋಚಿಸುತ್ತಿದ್ದೇನೆ.

ನೇರನುಡಿ, ಫ್ರಾಂಕ್‌ಫರ್ಟ್:
ಅದಕ್ಕೇ ನಾನು ಹೇಳಿದ್ದು, ಮನೆಯಲ್ಲೇ ಕಟ್ಟುನಿಟ್ಟು ಇದ್ದರೆ ಯಾರನ್ನೂ ಎಲ್ಲಿಗೂ ಕಳಿಸೋದು ಬೇಡ. ಚಪ್ಪಲಿ ನಿಯಮ.

ಕಾಫಿಪುಡಿ, ಬರ್ಲಿನ್:
ನಿಮ್ಮ ಮಗಳು ಮೊನ್ನೆ ಯುಗಾದಿಗೆ ಬಂದಾಗ ನಮ್ಮ ಮಗನ ಜೊತೆ ಮೂರು ಗಂಟೆ ಜರ್ಮನ್‌ನಲ್ಲೇ ಹರಟೆ ಹೊಡೆದಳಲ್ಲ?

ನೇರನುಡಿ, ಫ್ರಾಂಕ್‌ಫರ್ಟ್:
ಅದು ನಿಮ್ಮ ಮನೆ. ಬಾಗಿಲ ಹೊರಗೆ.

ಪುಟ್ಟಿ ಅಮ್ಮ, ಸ್ಟುಟ್‌ಗಾರ್ಟ್:
ಎಲ್ಲರಿಗೂ ಧನ್ಯವಾದ. ಮ್ಯೂನಿಕ್ ಅಕ್ಕ, ನಿಮಗೆ ಸಂಜೆ ಫೋನ್ ಮಾಡಲಾ? ಎರಡು ವರ್ಷದ ಮಾತು ಬಿಟ್ಟೆವು. ಬೇಸಿಗೆ ರಜೆಯ ಆರು ವಾರ ಅಜ್ಜಿ ಮನೆಯಲ್ಲಿ ನಾನೂ ಅವಳ ಜೊತೆ ಇರುತ್ತೇನೆ. ಅಜ್ಜಿಗೆ ಒಪ್ಪಿಸುವುದೇ ಕಷ್ಟ. "ಪರ್ಮಿಟ್ ಹೋಗುತ್ತೆ" ಅಂದರೆ ಒಪ್ಪಬಹುದು ಅಂತ ನಮ್ಮವರು ಹೇಳುತ್ತಿದ್ದಾರೆ. ಆರು ತಿಂಗಳು ಅಂತ ಯಾರೋ ಬರೆದಿದ್ದರಲ್ಲ, ಅದು ಎಲ್ಲಿದೆ? ಆಗಿನಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ.

ಗಿರ್ಮಿಟ್, ಹ್ಯಾಂಬರ್ಗ್:
ಮೇಲೆ ಹೋಗಿ, ಪೇಡದ ಕೆಳಗೇ ಇದೆ. ಆರು ವಾರ ಅಂದಿರಲ್ಲ, ಹಾಗಾದರೆ ಎರಡು ಕೆಜಿ ತರಬಹುದು ಅಲ್ವಾ?