ಅಪ್‌ಡೇಟ್: ಬೀದರ್‌ನಿಂದ ಅಂದಂದೇ ಚಿತ್ರ ಕಳುಹಿಸುತ್ತಿರುವ ಬಗೆ

ಲ್ಯಾಪ್‌ಟಾಪ್ ಒಯ್ಯದೆ, ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳನ್ನು ಗುಣಮಟ್ಟ ಕೆಡದಂತೆ ಅಂದಂದೇ ಕಲಬುರಗಿಯ ಮನೆಯವರಿಗೆ ಕಳುಹಿಸುವುದು ಹೇಗೆಂದು ಈ ಹಿಂದೆ ಕೇಳಿದ್ದೆ. ಕಾರ್ಡ್ ರೀಡರನ್ನು (ಕ್ಯಾಮೆರಾದ ಮೆಮೊರಿ ಕಾರ್ಡ್ ಓದುವ ಪುಟ್ಟ ಸಾಧನ) ನೇರವಾಗಿ ಮೊಬೈಲಿಗೆ ಜೋಡಿಸಲು ಸೂಚಿಸಿದವರಿಗೆ ಮನಃಪೂರ್ವಕ ಧನ್ಯವಾದಗಳು. ಅದು ಕ್ಯಾಮೆರಾದ ವೈಫೈಗಿಂತ ಬಹಳ ವೇಗವಾಗಿ ಕೆಲಸ ಮಾಡುತ್ತಿದೆ.

ಪ್ರತಿ ಚಿತ್ರವನ್ನೂ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ, RAW) ಮತ್ತು ಜೆಪೆಗ್ (ಎಲ್ಲೆಡೆ ತೆರೆಯುವ ಸಾಮಾನ್ಯ ಚಿತ್ರ ಕಡತ, JPEG) ಎರಡರಲ್ಲೂ ತೆಗೆದು, ಜೆಪೆಗ್ ಮಾತ್ರ ಕಳುಹಿಸುತ್ತಿದ್ದೇನೆ. 1472ರ ಮಹಮೂದ್ ಗಾವಾನ್ ಮದರಸಾದ ಮಿನಾರಿನಲ್ಲಿ ಇನ್ನೂ ಉಳಿದಿರುವ ನೀಲಿ ಮೆರುಗಿನ ಟೈಲ್‌ಗಳ ಅಂಚುಗಳು ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳುಹಿಸಿದಾಗ ಕಲಸಿಹೋದಂತೆ ಕಂಡವು; ಅದೇ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದಾಗ, ಗಾತ್ರ ಕುಗ್ಗದ ಕಾರಣ, ಒಂದೊಂದು ಟೈಲ್‌ನ ಬಿರುಕೂ ಅಮ್ಮನಿಗೆ ಸ್ಪಷ್ಟವಾಗಿ ಕಾಣಿಸಿತು. ಆದರೆ ಕಡತದಲ್ಲಿ ಸ್ಥಳದ ವಿವರ ದಾಖಲಾಗಿದ್ದರೆ ಅದೂ ಚಿತ್ರದೊಂದಿಗೆ ಹಾಗೆಯೇ ತಲುಪುತ್ತದೆ. ಆದ್ದರಿಂದ ಮನೆಯವರಲ್ಲದ ಗುಂಪುಗಳಿಗೆ, ಅದರಲ್ಲೂ ತಂಗಿರುವ ಜಾಗದ ಸಮೀಪ ತೆಗೆದ ಚಿತ್ರಗಳನ್ನು, ಆ ವಿವರ ಅಳಿಸದೆ ಕಳುಹಿಸಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಬೀದರ್ ಸಮೀಪದ ಅಷ್ಟೂರಿನಲ್ಲಿರುವ, ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ ಗೋರಿಯ ಒಳಗಿನ ವರ್ಣಚಿತ್ರಗಳನ್ನು ಮಂದ ಬೆಳಕಿನಲ್ಲಿ, ಫ್ಲ್ಯಾಶ್ ಬಳಸದೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) ಹೆಚ್ಚಿಸಿ ತೆಗೆದಿದ್ದೇನೆ. ಅವುಗಳ ನೆರಳಿನ ಭಾಗಗಳನ್ನು ರಾ ಕಡತದಿಂದಲೇ ತಿದ್ದಬೇಕಿರುವುದರಿಂದ ಊರಿಗೆ ಮರಳಿದ ಮೇಲೆ ಹಂಚಿಕೊಳ್ಳುತ್ತೇನೆ.