ಬೆಟ್ಟ ಹತ್ತುವಾಗ ಮಾತ್ರ ಎಂಜಿನ್ ತಡವರಿಕೆ (ಮಿಸ್ಸಿಂಗ್): 1999ರ ಮಾರುತಿ 800, ಗೊತ್ತಿರುವವರು ದಾರಿ ಹೇಳಿ

ನಂದಿ ತಪ್ಪಲು:

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಬಳ್ಳಾಪುರ ಪಕ್ಕದ ನಂದಿ. ಗಾಡಿ 1999ರ ಮಾರುತಿ 800, ಕಾರ್ಬೊರೇಟರ್ (ಗಾಳಿ-ಪೆಟ್ರೋಲ್ ಬೆರೆಸಿ ಕೊಡುವ ಭಾಗ) ಇರುವ ಮಾಡೆಲ್. ನಂಬರ್ ಕೆಎ 07. ಅಪ್ಪ ಇದನ್ನು ತಂದಾಗ ನಾವು ಕೋಲಾರ ಜಿಲ್ಲೆಯವರು. ನಮ್ಮದು ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಅಷ್ಟು ಹಳೆಯ ಗಾಡಿ, ಆದರೆ ಇವತ್ತಿಗೂ ಕೀ ತಿರುಗಿಸಿದ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ.

ಬೆಟ್ಟದ ಮೇಲೆ ಅಣ್ಣನ ಅಂಗಡಿ ಇದೆ. ವಾರದಲ್ಲಿ ನಾಲ್ಕು ದಿನ ಬೆಳಗ್ಗೆ ಹಾಲಿನ ಕ್ಯಾನು, ಸೌತೆಕಾಯಿ, ಕಡ್ಲೆಪುರಿ ಮೂಟೆ ಹಾಕಿಕೊಂಡು ಹೋಗುತ್ತೇನೆ. ಏರು ಶುರುವಾಗಿ ಒಂದೆರಡು ಕಿಲೋಮೀಟರ್ ಆದಮೇಲೆ, ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಜರ್ಕ್ ಹೊಡೆಯುತ್ತದೆ. ಹಿಂದಿನಿಂದ ಯಾರೋ ಹಗ್ಗ ಹಾಕಿ ಎಳೆದು ಬಿಟ್ಟ ಹಾಗೆ. ಕಾಲು ಸ್ವಲ್ಪ ಎತ್ತಿದರೆ ಸರಿಹೋಗುತ್ತದೆ, ಮತ್ತೆ ಒತ್ತಿದರೆ ಮತ್ತೆ ಅದೇ. ಕಿಟಕಿ ಇಳಿಸಿದರೆ ಪೆಟ್ರೋಲ್ ವಾಸನೆ. ಇಳಿಯುವಾಗ ಏನೂ ಇಲ್ಲ. ಮಧ್ಯಾಹ್ನ ಚಿಕ್ಕಬಳ್ಳಾಪುರ ಪೇಟೆಗೆ ಹೋದರೂ ಏನೂ ಇಲ್ಲ.

ಎರಡು ಗ್ಯಾರೇಜ್ ಆಯಿತು. ಒಂದು ಕಡೆ ಮೂರೂ ಸ್ಪಾರ್ಕ್ ಪ್ಲಗ್ (ಸಿಲಿಂಡರಿನಲ್ಲಿ ಕಿಡಿ ಹೊಡೆಯುವ ಭಾಗ) ಬದಲಾಯಿಸಿದರು. ಇನ್ನೊಂದು ಕಡೆ ಕಾರ್ಬೊರೇಟರ್ ಬಿಚ್ಚಿ ತೊಳೆದು ಟ್ಯೂನಿಂಗ್ ಮಾಡಿದರು. 3,800 ರೂಪಾಯಿ ಹೋಯಿತು. ಅಲ್ಲಿ ನಿಲ್ಲಿಸಿ ನೋಡಿದರೆ ಗಾಡಿ ಗಡಿಯಾರದ ಹಾಗೆ ಓಡುತ್ತದೆ, ಅವರೂ ಏನು ಮಾಡಿಯಾರು? ಈಗ ಎಂಜಿನ್ ಇಳಿಸೋಣ ಅನ್ನುತ್ತಿದ್ದಾರೆ. ಅಪ್ಪನಿಗೆ 74. ಮುಂದಿನ ಸೀಟಿನಲ್ಲಿ ಕೂತು ದೇವಸ್ಥಾನಕ್ಕೆ ಹೋಗುವುದು ಇದರಲ್ಲೇ. ಸುಮ್ನೆ ಎಂಜಿನ್ ಬಿಚ್ಚಿಸಲು ನನಗೆ ಮನಸ್ಸಿಲ್ಲ. ಏನು ನೋಡಬೇಕು, ಹೇಳಿ.

ಕೋಲಾರ ವೈರಿಂಗ್:

ಎಂಜಿನ್ ಇಳಿಸಬೇಡಿ. ಕಾರ್ಬೊರೇಟರನ್ನೂ ಇನ್ನು ಮುಟ್ಟಬೇಡಿ. ನಾನು ಆಟೋ ಎಲೆಕ್ಟ್ರಿಷಿಯನ್, ಈ ಕೆಲಸದಲ್ಲಿ 22 ವರ್ಷ ಆಯಿತು. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ.

ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗೆ ಗಾಳಿ-ಪೆಟ್ರೋಲ್ ಜಾಸ್ತಿ ತುಂಬಿಕೊಳ್ಳುತ್ತದೆ, ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಪ್ಲಗ್ಗಿನ ಗ್ಯಾಪ್ ದಾಟಲು ಕಿಡಿಗೆ ಜಾಸ್ತಿ ವೋಲ್ಟೇಜ್ ಬೇಕು. ಪ್ಲಗ್ಗಿಗೆ ಹೋಗುವ ವೈರ್, ಕರೆಂಟನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್, ಅದರೊಳಗೆ ತಿರುಗುವ ರೋಟರ್ ಇವುಗಳಲ್ಲಿ ಎಲ್ಲಾದರೂ ಸಣ್ಣ ಬಿರುಕಿದ್ದರೆ ಕರೆಂಟ್ ಪ್ಲಗ್ಗಿಗೆ ಹೋಗದೆ ಆ ಸುಲಭದ ದಾರಿ ಹಿಡಿದು ಎಂಜಿನ್ನಿನ ಲೋಹಕ್ಕೆ ಇಳಿದುಬಿಡುತ್ತದೆ. ನಿಂತಲ್ಲಿ ಐಡ್ಲಿಂಗ್‌ನಲ್ಲಿ ಅಷ್ಟು ವೋಲ್ಟೇಜ್ ಬೇಕಿಲ್ಲ, ಹಾಗಾಗಿ ಗ್ಯಾರೇಜಿನಲ್ಲಿ ತೋರುವುದಿಲ್ಲ. ನಿಮ್ಮ ಗಾಡಿಗೆ ಸ್ಕ್ಯಾನರ್ (ದೋಷ ಓದಿ ಹೇಳುವ ಯಂತ್ರ) ಹಾಕಲು ಜಾಗವೂ ಇಲ್ಲ. ಕಣ್ಣು, ಕಿವಿಯಲ್ಲೇ ಹುಡುಕಬೇಕು.

ಎರಡು ಮಾತು ಹೇಳಿ. ಜರ್ಕ್ ಬರುವುದು ಮಂಜು ಇದ್ದ ದಿನ ಜಾಸ್ತಿಯಾ, ಎಲ್ಲ ದಿನ ಒಂದೇ ಥರವಾ? ಬೆಟ್ಟ ಹತ್ತಿ ನಿಲ್ಲಿಸಿದ ಮೇಲೆ, ಎಂಜಿನ್ ಆರಲು ಬಿಟ್ಟು, ಮೂರೂ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಯಾವುದು ಯಾವ ಸಿಲಿಂಡರಿನದು ಅಂತ ಗುರುತು ಇಟ್ಟುಕೊಳ್ಳಿ, ಕಲೆಸಿಬಿಡಬೇಡಿ.

ಶಿಡ್ಲಘಟ್ಟ:

ಮೇಲಿನವರು ಹೇಳಿದ್ದು ಸರಿ ಇರಬಹುದು, ಆದರೆ ನನ್ನ ಅನುಭವ ಬೇರೆ. ನನ್ನ ಹಳೆಯ ಗಾಡಿಯೂ ಹೀಗೇ ದೂರ ಹೋದಮೇಲೆ ಸೋಲುತ್ತಿತ್ತು. ಕೊನೆಗೆ ನೋಡಿದರೆ ಪೆಟ್ರೋಲ್ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿಕೊಂಡಿತ್ತು. ಪೆಟ್ರೋಲ್ ಖಾಲಿಯಾದ ಹಾಗೆ ಒಳಗೆ ಗಾಳಿ ಬರದೆ ಪಂಪ್ ಎಳೆಯಲಾಗದೆ ನಿಲ್ಲುತ್ತಿತ್ತು. ಜರ್ಕ್ ಬಂದ ತಕ್ಷಣ ಗಾಡಿ ಪಕ್ಕಕ್ಕೆ ಹಾಕಿ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಒಳಗೆ ಎಳೆದುಕೊಂಡ ಜೋರು ಸದ್ದು ಬಂದು, ಆಮೇಲೆ ಗಾಡಿ ಸರಿಹೋದರೆ ನನ್ನ ಕೇಸೇ ನಿಮ್ಮದೂ. ಫಿಲ್ಟರಿನಲ್ಲಿ ತುಕ್ಕಿನ ಪುಡಿ ಇದೆಯಾ ಅಂತಲೂ ನೋಡಿ, 25 ವರ್ಷದ ಟ್ಯಾಂಕು ಅಲ್ವಾ.

ಕೋಲಾರ ವೈರಿಂಗ್:

ಶಿಡ್ಲಘಟ್ಟದ ಅಣ್ಣ ಹೇಳಿದ್ದನ್ನೂ ಮಾಡಿ, ದುಡ್ಡು ಖರ್ಚಿಲ್ಲದ ಪರೀಕ್ಷೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಪೆಟ್ರೋಲ್ ಸಾಲದಿದ್ದರೆ ಗಾಡಿ ನಿಧಾನವಾಗಿ ಉಸಿರು ಕಟ್ಟಿದ ಹಾಗೆ ಪಿಕಪ್ ಕಳೆದುಕೊಳ್ಳುತ್ತದೆ, ಮೂರೂ ಸಿಲಿಂಡರಿಗೆ ಒಟ್ಟಿಗೇ ಹೊಡೆತ. ಕಿಡಿ ತಪ್ಪಿದರೆ ಪಟ್ ಅಂತ ಬಿಟ್ಟು ಪಟ್ ಅಂತ ಹಿಡಿಯುತ್ತದೆ. ಪೆಟ್ರೋಲ್ ವಾಸನೆ ಬರುತ್ತದೆ ಅಂದಿರಿ. ಅದು ಸುಡದೆ ಹೊರಗೆ ಹೋದ ಪೆಟ್ರೋಲ್.

ನಂದಿ ತಪ್ಪಲು:

ಇಬ್ಬರಿಗೂ ತುಂಬಾ ಉಪಕಾರ. ಮುಚ್ಚಳ ತೆಗೆದು ನೋಡಿದೆ, ಸದ್ದು ಬರಲಿಲ್ಲ. ಜರ್ಕೂ ಹಾಗೇ ಇತ್ತು. ಫಿಲ್ಟರ್ ಚೊಕ್ಕಟವಾಗಿದೆ.

ನೀವು ಮಂಜು ಕೇಳಿದಿರಿ ನೋಡಿ, ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಆರು ದಿನ ಹಾಲಿನ ಲೆಕ್ಕದ ಪುಸ್ತಕದಲ್ಲೇ ಪಕ್ಕಕ್ಕೆ ಬರೆದಿಟ್ಟೆ. ಮಂಜು ಕವಿದಿದ್ದ ನಾಲ್ಕು ದಿನ ಜರ್ಕ್ ಜೋರು. ಬಿಸಿಲು ಬಂದ ಮೇಲೆ ಹೋದ ಒಂದು ದಿನ ಸ್ವಲ್ಪ. ಇನ್ನೊಂದು ದಿನ ಸಾಮಾನು ಕಡಿಮೆ, ಅಪ್ಪನೂ ಇರಲಿಲ್ಲ, ಜರ್ಕ್ ಬರಲೇ ಇಲ್ಲ.

ಪ್ಲಗ್ ಬಿಚ್ಚಿದೆ. ಅಕ್ಕಪಕ್ಕದ ಎರಡೂ ಕಾಫಿ ಪುಡಿ ಬಣ್ಣ. ನಡುವಿನದು ಕಪ್ಪು, ಒದ್ದೆ, ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲ್. ಹೊಸ ಪ್ಲಗ್ಗೇ ಕೆಟ್ಟದ್ದು ಬಂತೇನೋ ಅನ್ನಿಸುತ್ತಿದೆ.

ಕೋಲಾರ ವೈರಿಂಗ್:

ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಪ್ಲಗ್ಗೇ ಕೆಟ್ಟಿದೆಯಾ ಅಂತ ತಿಳಿಯಲು ಇನ್ನೊಂದು ಕೊಳ್ಳಬೇಡಿ. ನಡುವಿನದನ್ನು ಒರೆಸಿ ಪಕ್ಕದ ಸಿಲಿಂಡರಿಗೆ ಹಾಕಿ, ಅದರದ್ದನ್ನು ನಡುವಿಗೆ ಹಾಕಿ. ಮತ್ತೆ ಬೆಟ್ಟ ಹತ್ತಿ. ಕಪ್ಪು ಪ್ಲಗ್ ಜೊತೆಗೇ ಜಾಗ ಬದಲಿಸಿದರೆ ಪ್ಲಗ್ಗೇ ಕಳ್ಳ. ನಡುವಿನಲ್ಲೇ ಮತ್ತೆ ಕಪ್ಪಾದರೆ ಆ ಸಿಲಿಂಡರಿನ ವೈರ್, ಇಲ್ಲವೇ ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ಆ ವೈರ್ ಕೂರುವ ಜಾಗ ಕೆಟ್ಟಿದೆ.

ಆಮೇಲೆ ಕತ್ತಲ ಪರೀಕ್ಷೆ. ರಾತ್ರಿ, ಬಯಲಿನಲ್ಲಿ, ಶೆಡ್ಡಿನ ಒಳಗೆ ಬೇಡ. ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ. ಗಿಡಕ್ಕೆ ಹೊಡೆಯುವ ಸಣ್ಣ ಸ್ಪ್ರೇ ಬಾಟಲಿಯಲ್ಲಿ ವೈರುಗಳ ಮೇಲೆ ಮಂಜಿನಷ್ಟೇ ನೀರು. ಸುರಿಯಬೇಡಿ. ಒಬ್ಬರು ಆಕ್ಸಿಲರೇಟರ್ ಸರಕ್ಕನೆ ಒತ್ತಿ ಬಿಡಲಿ, ವೈರಿನಿಂದ ಕಿಡಿ ಹಾರುತ್ತದೆಯಾ ಅಂತ ನೀವು ದೂರದಿಂದ ನೋಡಿ. ಅಲ್ಲಿ ಹತ್ತು ಸಾವಿರ ವೋಲ್ಟಿಗೂ ಜಾಸ್ತಿ ಇರುತ್ತದೆ, ಕೈ ಹಾಕಬೇಡಿ. ಪೇಸ್‌ಮೇಕರ್ ಇರುವವರು ಹತ್ತಿರ ಬರಲೇಬಾರದು.

ನಂದಿ ತಪ್ಪಲು:

ಸಿಕ್ಕಿತು! ಪ್ಲಗ್ ಅದಲುಬದಲು ಮಾಡಿದರೂ ನಡುವಿನದೇ ಕಪ್ಪಾಯಿತು. ನಿನ್ನೆ ರಾತ್ರಿ ಕಣದಲ್ಲಿ ಗಾಡಿ ನಿಲ್ಲಿಸಿ, ಮಗನನ್ನು ಆಕ್ಸಿಲರೇಟರಿಗೆ ಕೂರಿಸಿದೆ. ಎರಡು ಸಲ ನೀರು ಹೊಡೆದರೂ ಏನೂ ಕಾಣಲಿಲ್ಲ. ಮೂರನೇ ಸಲ ಮಗ ಒತ್ತಿದಾಗ, ನಡುವಿನ ವೈರಿನ ಕೆಳಗೆ, ಎಂಜಿನ್ ಮೇಲಿನ ಮುಚ್ಚಳದ (ವಾಲ್ವ್ ಕವರ್) ಅಂಚಿನ ಹತ್ತಿರ, ನೀಲಿ ದಾರದಂಥ ಬೆಳಕು ಚಟ್ ಚಟ್ ಅಂತ ಹಾರಿತು. ಸೂಜಿಗೆ ಪೋಣಿಸುವ ದಾರದಷ್ಟು ಸಣ್ಣದು. ಅದು ಹಾರಿದಾಗಲೆಲ್ಲ ಎಂಜಿನ್ ತಡವರಿಸಿತು. ಅಪ್ಪ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

ಬೆಳಗ್ಗೆ ವೈರ್ ಬಿಚ್ಚಿದೆ. ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಯಾವಾಗಲೋ ಮುರಿದು ಹೋಗಿದೆ. ವೈರ್ ಜೋತು ಬಿದ್ದು ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ, ಎಳ್ಳಿನಷ್ಟು ಬಿಳಿ ಚುಕ್ಕೆ ಆಗಿದೆ, ನಡುವೆ ಸುಟ್ಟ ಗುರುತು. ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ. ಮಲ್ಟಿಮೀಟರಿನಲ್ಲಿ ಕರೆಂಟಿಗೆ ಇರುವ ಅಡ್ಡಿ ಅಳೆದರೆ ಉಳಿದೆರಡು ವೈರ್ 6, 7 ಕಿಲೋ ಓಮ್ ತೋರಿಸಿದವು. ಇದು ನೆಟ್ಟಗಿದ್ದಾಗ 9, ಸ್ವಲ್ಪ ಬಗ್ಗಿಸಿದರೆ 40 ದಾಟಿ ಹೋಯಿತು.

ಕೋಲಾರ ವೈರಿಂಗ್:

ಒಳಗಿನ ಕಾರ್ಬನ್ ಎಳೆಯೂ ತುಂಡಾಗಿದೆ, ಅದಕ್ಕೇ ಹಾಗೆ. ಒಂದೇ ವೈರ್ ತರಬೇಡಿ, ಮೂರೂ ಒಂದೇ ವಯಸ್ಸಿನವು, ಕಾಯಿಲ್ ವೈರ್ (ಕಾಯಿಲಿನಿಂದ ಕ್ಯಾಪಿಗೆ ಬರುವುದು) ಸೇರಿಸಿ ಪೂರಾ ಸೆಟ್ ಹಾಕಿ. ಕ್ಯಾಪಿನ ಒಳಗೆ ಪೆನ್ಸಿಲ್ ಗೀಟಿನ ಹಾಗೆ ಕಪ್ಪು ಗೆರೆ ಇದ್ದರೆ ಅದನ್ನೂ ಬದಲಿಸಿ. ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಸುಡದ ಪೆಟ್ರೋಲ್ ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲ್ ತೆಳ್ಳಗೆ ಮಾಡಿರುತ್ತದೆ. ವಾಸನೆ ಇದ್ದರೆ ಆಯಿಲ್ ಬದಲಿಸದೆ ಬೆಟ್ಟ ಹತ್ತಬೇಡಿ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ನಿಮ್ಮದು ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ಇರುವ ಗಾಡಿಯಾದರೆ ಮಿಸ್ಸಿಂಗ್ ಇಟ್ಟುಕೊಂಡು ಓಡಿಸಲೇಬೇಡಿ. ಸುಡದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಅದನ್ನು ಕೆಡಿಸುತ್ತದೆ. ಆ ರಿಪೇರಿಯ ಬಿಲ್ ದೊಡ್ಡದು.

ನಂದಿ ತಪ್ಪಲು:

ಆಯಿಲ್‌ನಲ್ಲಿ ವಾಸನೆ ಇತ್ತು, ಬದಲಿಸಿದೆ. ವೈರ್ ಸೆಟ್ ಹೊಸದು. ಕ್ಯಾಪ್ ಚೆನ್ನಾಗಿದೆ, ಒರೆಸಿ ಹಾಗೇ ಹಾಕಿದೆ. ವೈರ್ ಅಂಚಿಗೆ ತಾಗದ ಹಾಗೆ ಹೊಸ ಕ್ಲಿಪ್ಪೂ ಹಾಕಿದ್ದೇನೆ.

ಈಗ ಐದು ಸಲ ಹತ್ತಿದೆ. ಮೂರು ದಿನ ಮಂಜು, ಒಂದು ದಿನ ಜಿನುಗು ಮಳೆ. ಇವತ್ತು ಬೇಕೆಂದೇ ಮೂಟೆ ಜಾಸ್ತಿ ಹೇರಿ, ಅಪ್ಪನನ್ನೂ ಕೂರಿಸಿಕೊಂಡು ಹೋದೆ. ಜರ್ಕ್ ಬರುತ್ತಿದ್ದ ತಿರುವು ಹತ್ತಿರ ಬಂದಾಗ ಅಪ್ಪ ಡ್ಯಾಶ್‌ಬೋರ್ಡ್ ಹಿಡಿದುಕೊಂಡರು. ತಿರುವು ದಾಟಿತು. ಮುಂದಿನದೂ ದಾಟಿತು. ಅಪ್ಪ ಕೈ ಬಿಟ್ಟು ಕಿಟಕಿ ಇಳಿಸಿದರು, ಹೊರಗೆ ಒದ್ದೆ ಎಲೆಗಳ ವಾಸನೆ ಮಾತ್ರ ಇತ್ತು.