ರಿವರ್ಟ್, ರಿಸೀಡ್, ರಿಲ್ಯಾಪ್ಸ್: ಯಾವುದು ಎಲ್ಲಿ?

ಪ್ರಶ್ನೆ: ಸಾಗರದ ಕಡೆ ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದಾಗ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕಾಣುತ್ತಲ್ಲ, ಅದನ್ನು ಇಂಗ್ಲಿಷಲ್ಲಿ ‘ದ ವಾಟರ್ ರಿವರ್ಟೆಡ್’ ಅಂತ ಬರೆಯಬಹುದಾ? ಆಫೀಸ್ ಮೇಲ್‌ಗಳ ‘ಪ್ಲೀಸ್ ರಿವರ್ಟ್ ಬ್ಯಾಕ್’ ಸರಿಯಾ?

ಉತ್ತರ 1: ನೀರಿಗೆ ‘ರಿಸೀಡ್’. ಮೂಲ ಲ್ಯಾಟಿನ್ ‘ಕೇದೆರೆ’, ಅಂದರೆ ‘ಸರಿದು ಹೋಗು’. ಪ್ರವಾಹ, ಹಿನ್ನೀರು, ಹಣೆಯ ಮೇಲಿನ ಕೂದಲು ಎಲ್ಲಕ್ಕೂ ಇದೇ. ‘ರಿವರ್ಟ್’ ಒಳಗಿರೋದು ‘ವೆರ್ತೆರೆ’, ತಿರುಗು. ಹಳೆಯ ಸ್ಥಿತಿಗೆ ಮರಳೋದು. ಪಾಳು ಬಿಟ್ಟ ಗದ್ದೆ ಮತ್ತೆ ಕಾಡಾದರೆ ‘ರಿವರ್ಟೆಡ್ ಟು ಫಾರೆಸ್ಟ್’. ಆ ‘ಟು’ ಬಿಟ್ಟರೆ ವಾಕ್ಯ ಕುಂಟುತ್ತೆ.

ಉತ್ತರ 2: ‘ರಿ’ಯಲ್ಲೇ ‘ಹಿಂದಕ್ಕೆ’ ಇದೆ, ಮೇಲೆ ‘ಬ್ಯಾಕ್’ ಯಾಕೆ? ‘ರಿಟರ್ನ್ ಬ್ಯಾಕ್’ ಕೂಡ ಅದೇ ತಪ್ಪು. ‘ಉತ್ತರಿಸಿ’ ಎಂಬರ್ಥದ ರಿವರ್ಟ್ ನಮ್ಮಲ್ಲಿ ರೂಢಿ, ಆದರೆ ಬ್ರಿಟನ್, ಅಮೆರಿಕದವರಿಗೆ ಗೊಂದಲವಾಗುತ್ತೆ, ‘ರಿಪ್ಲೈ’ ಬರೆಯಿರಿ. ಸಾಫ್ಟ್‌ವೇರ್‌ನವರಿಗೆ ಒಂದು ಮಾತು: ಕೋಡ್ ಬದಲಾವಣೆಗಳ ಲೆಕ್ಕ ಇಡುವ ‘ಗಿಟ್’ನ ‘ರಿವರ್ಟ್’ ಹಳೆಯ ಕಮಿಟ್ (ದಾಖಲಾದ ಬದಲಾವಣೆ) ಅಳಿಸಲ್ಲ, ಅದನ್ನು ರದ್ದು ಮಾಡುವ ಹೊಸ ಕಮಿಟ್ ಸೇರಿಸುತ್ತೆ.

ಉತ್ತರ 3: ‘ರಿಲ್ಯಾಪ್ಸ್’ ಬಿಟ್ಟುಹೋಯ್ತು. ಮೂಲದಲ್ಲಿ ‘ಜಾರು’ ಅಂತ ಅರ್ಥ. ಮಳೆಗಾಲದ ಪಾಚಿಗಟ್ಟಿದ ಅಂಗಳ ನೆನಪಿಸಿಕೊಳ್ಳಿ. ಹೆಚ್ಚಾಗಿ ಕೆಟ್ಟದ್ದಕ್ಕೇ ಬಳಕೆ: ಚಟ, ಮರುಕಳಿಸಿದ ಕಾಯಿಲೆ. ಜೊತೆಗೆ ‘ಇಂಟು’ ಬರುತ್ತೆ. ಓದಲು ಕಲಿತಿದ್ದ ಮಗು ಕಲಿತದ್ದನ್ನು ಕಳೆದುಕೊಂಡರೆ ‘ರಿಗ್ರೆಸ್’, ಏರಿದ ಮೆಟ್ಟಿಲು ಇಳಿದ ಹಾಗೆ. ಅಲ್ಲಿ ರಿಲ್ಯಾಪ್ಸ್ ಹಾಕಬೇಡಿ.